ಕೆಲಸ ಬಿಡ್ತಿಲ್ಲ, ರಜೆ ಕೇಳ್ತಿದ್ದೀನಿ

ಆ ಪ್ರೆಸ್ಸಿನ ಬೈಂಡಿಂಗ್ ಹಾಲಿನಲ್ಲಿ ಬಸುರಿ ಹೆಂಗಸಿನ ತಿಂಗಳು ಎಣಿಸಲು ಕ್ಯಾಲೆಂಡರ್ ಬೇಕಿರಲಿಲ್ಲ. ಹೊಟ್ಟೆ ಮೇಜಿನ ಅಂಚಿಗೆ ತಾಗಲು ಶುರುವಾಯಿತೆಂದರೆ ಗುಮಾಸ್ತರು ತಮ್ಮ ಕೆಳಗಿನ ಡ್ರಾಯರ್ ಎಳೆಯುತ್ತಿದ್ದರು. ಅದರೊಳಗೆ ಒಂದು ಕಟ್ಟು ಅಚ್ಚಾದ ಕಾಗದ ಇರುತ್ತಿತ್ತು. ಹಾಲಿನ ಹೆಂಗಸರೆಲ್ಲ ಅದಕ್ಕೆ ‘ಹೆರಿಗೆ ಚೀಟಿ’ ಎನ್ನುತ್ತಿದ್ದರು. ಗುಮಾಸ್ತರು ತಾರೀಕು ತುಂಬಿ ಕೊಡುವುದು, ಬಸುರಿ ಸಹಿ ಹಾಕುವುದು, ಉಳಿದವರು ಚಪ್ಪಾಳೆ ತಟ್ಟಿ ಒಂದು ಡಬ್ಬ ಸಿಹಿ ಹಂಚುವುದು, ಇಷ್ಟೇ ಪದ್ಧತಿ. ಚೀಟಿಯಲ್ಲಿ ಏನಿದೆ ಎಂದು ಯಾರೂ ಓದಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಾಗದ ಮಡಚಿ, ಹೊಲಿದು, ರಟ್ಟು ಅಂಟಿಸುವವರಿಗೆ ಕಾಗದ ಕಂಡರೆ ಸಾಕು ಸಾಕಾಗಿರುತ್ತದೆ. ಅವರನ್ನು ಬೈದು ಪ್ರಯೋಜನವಿಲ್ಲ.

ಆ ಸೋಮವಾರ ಚೀಟಿ ಬಂದದ್ದು ಚುರುಕಿಗೆ. ಚುರುಕಿ ಎಂಬುದು ಹಾಲಿನವರು ಇಟ್ಟ ಹೆಸರು. ಬೇರೆಯವರು ನಾಲ್ಕು ಪುಸ್ತಕ ಹೊಲಿಯುವಷ್ಟರಲ್ಲಿ ಇವಳು ಆರು ಹೊಲಿದು, ಏಳನೆಯದಕ್ಕೆ ದಾರ ಪೋಣಿಸಿ, ಪಕ್ಕದವಳ ಸಂಸಾರಕ್ಕೊಂದು ಸಲಹೆಯನ್ನೂ ಕೊಟ್ಟು ಮುಗಿಸಿರುತ್ತಿದ್ದಳು. ಒಂಬತ್ತು ವರ್ಷದ ಸರ್ವಿಸು ಅವಳದು. ಬಾಗಿಲ ಹತ್ತಿರದ ಮೇಜಿನಲ್ಲಿ ಹೊಸಬಳಾಗಿ ಕೂತವಳು ವರ್ಷಕ್ಕಿಷ್ಟು ಎಂದು ಮುಂದೆ ಸರಿದು ಈಗ ಕಿಟಕಿ ಪಕ್ಕದ ಮೇಜಿಗೆ ಬಂದಿದ್ದಳು. ಆ ಹಾಲಿನಲ್ಲಿ ಬಾಗಿಲ ಮೇಜಿನವರಿಗೆ ಧೂಳೂ ಹೆಚ್ಚು, ಬೈಗುಳವೂ ಹೆಚ್ಚು. ಕಿಟಕಿ ಮೇಜಿನವರಿಗೆ ಬೆಳಕೂ ಹೆಚ್ಚು, ಸಂಬಳವೂ ಹೆಚ್ಚು.

“ಇಲ್ಲಿ ಹಾಕಮ್ಮ,” ಎಂದು ಗುಮಾಸ್ತರು ಬೆರಳಿಟ್ಟು ತೋರಿಸಿದರು. “ಶನಿವಾರ ನಿನ್ನ ಕಡೇ ದಿನ. ಆಮೇಲೆ ಮನೇಲಿ ಮಗು ನೋಡ್ಕೊಂಡು ಆರಾಮಾಗಿರು.”

“ಮಗು ಹುಟ್ಟಿದ ಮೇಲೆ ಆರಾಮಾ? ಸಾರ್, ಈ ಮಾತು ನಿಮ್ಮ ಮನೆಯವರ ಕಿವಿಗೆ ಬಿದ್ರೆ ನಿಮಗೆ ಇವತ್ತು ಊಟ ಇಲ್ಲ.”

ಹಾಲಿನವರೆಲ್ಲ ಗೊಳ್ಳೆಂದು ನಕ್ಕರು. ನಗುನಗುತ್ತಲೇ, ಅಂಟು ಮೆತ್ತಿದ ಎರಡು ಬೆರಳಲ್ಲಿ ಪೆನ್ನು ಹಿಡಿದು ಚುರುಕಿ ಸಹಿ ಹಾಕಿಬಿಟ್ಟಳು. ಚಪ್ಪಾಳೆಯೂ ಬಿತ್ತು.

ಮರುದಿನ ಆಸ್ಪತ್ರೆಯಲ್ಲಿ ತಪಾಸಣೆ ಇತ್ತು. ಜೊತೆಗೆ ಅತ್ತೆ ಬಂದಿದ್ದರು. ಅಲ್ಲಿನ ನರ್ಸಮ್ಮನಿಗೆ ಆ ಬೀದಿಯವರೆಲ್ಲ ಜೆರಾಕ್ಸ್ ಸಿಸ್ಟರ್ ಎನ್ನುತ್ತಿದ್ದರು. ಲಸಿಕೆ ಚೀಟಿ ಇರಲಿ, ರಕ್ತ ಪರೀಕ್ಷೆಯ ವರದಿ ಇರಲಿ, “ಒಂದು ಜೆರಾಕ್ಸ್ ಇಟ್ಕೊಳ್ಳಿ” ಎಂದು ಹೇಳದೆ ಆಕೆ ಯಾರನ್ನೂ ಹೊರಗೆ ಬಿಟ್ಟವರಲ್ಲ. ಅವರಿಂದ ಎದುರಿನ ಜೆರಾಕ್ಸ್ ಅಂಗಡಿಯವನಿಗೆ ಮಹಡಿ ಮೇಲೆ ಮಹಡಿ ಎದ್ದಿದೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಸಿಸ್ಟರ್ ಚುರುಕಿಯ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. “ಬಿಪಿ ಚೆನ್ನಾಗಿದೆ. ತೂಕಾನೂ ಸರಿಯಾಗಿದೆ. ಕೆಲಸಕ್ಕೆ ರಜೆ ಅರ್ಜಿ ಕೊಟ್ಟೆಯಾ?”

“ಕೊಟ್ಟಾಯ್ತು ಸಿಸ್ಟರ್. ನಿನ್ನೇನೇ ಹೆರಿಗೆ ಚೀಟಿಗೆ ಸಹಿ ಹಾಕ್ದೆ.”

“ಅದರ ಕಾಪಿ?”

“ಯಾವ ಕಾಪಿ?”

“ನೀನು ಸಹಿ ಹಾಕಿದ್ದರ ಕಾಪಿ ನಿನ್ನ ಹತ್ರ ಇಲ್ವಾ?” ಸಿಸ್ಟರ್ ಆ ಪಟ್ಟಿಯನ್ನು ತಮ್ಮ ತೋಳಿಗೆ ಹಿಡಿದು ನೋಡಿಕೊಂಡರು. “ಇರು, ಈಗ ನನಗೆ ಬಿಪಿ ಏರ್ತಿದೆ. ಹೋಗ್ಲಿ, ಅದರಲ್ಲಿ ಏನು ಬರೆದಿತ್ತು?”

ಚುರುಕಿ ಅತ್ತೆಯ ಮುಖ ನೋಡಿದಳು. ಅತ್ತೆಯೂ ಒಂದು ಕಾಲದಲ್ಲಿ ಅದೇ ಹಾಲಿನಲ್ಲಿ ದುಡಿದವರು. “ಏನಿರುತ್ತೆ ಅದರಲ್ಲಿ? ಹೆರಿಗೆಗೆ ಹೋಗ್ತಿದ್ದೀನಿ ಅಂತಿರುತ್ತೆ,” ಎಂದರು ಅತ್ತೆ. “ನಾನೂ ಅದಕ್ಕೇ ಸಹಿ ಹಾಕಿದ್ದು. ಮೂವತ್ತು ವರ್ಷದಿಂದ ಒಂದೇ ಚೀಟಿ.”

“ಮೂವತ್ತು ವರ್ಷದಲ್ಲಿ ಒಬ್ಬರೂ ಓದಿಲ್ಲ ಅನ್ನಿ,” ಎಂದರು ಸಿಸ್ಟರ್. “ನೋಡಮ್ಮ, ನಾಳೆ ಹೋಗಿ ಒಂದು ಖಾಲಿ ಚೀಟಿ ಕೇಳಿ ಇಸ್ಕೋ. ಕೂತ್ಕೊಂಡು ಓದು. ನಾಳೆ ಸಂಜೆ ನಿಮ್ಮ ಬೀದಿಗೆ ಬರೋದಿದೆ, ನಿಮ್ಮನೆಗೂ ಬರ್ತೀನಿ.”

ಬುಧವಾರ ಮಧ್ಯಾಹ್ನ ಗುಮಾಸ್ತರು ಹಿಂದೆಮುಂದೆ ನೋಡದೆ ಒಂದು ಖಾಲಿ ಚೀಟಿ ಕೊಟ್ಟರು. “ತಗೋ, ಎಲ್ಲರದೂ ಒಂದೇ,” ಎಂದರು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ. ಅದೇ ಆ ಚೀಟಿಯ ದೊಡ್ಡ ಅಪಾಯ, ಕೊಡುವವರೂ ಓದಿರಲಿಲ್ಲ. ಚುರುಕಿ ಊಟದ ಡಬ್ಬಿ ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂತು ಓದಿದಳು. ಮೂರೇ ಸಾಲು ಇತ್ತು.

‘ನಾನು ನನ್ನ ಸ್ವಂತ ಇಚ್ಛೆಯಿಂದ ಈ ಕೆಳಕಂಡ ದಿನಾಂಕದಿಂದ ಕೆಲಸಕ್ಕೆ ರಾಜೀನಾಮೆ ನೀಡಿರುತ್ತೇನೆ. ಸಂಸ್ಥೆಯಿಂದ ನನಗೆ ಬರಬೇಕಾದದ್ದು ಏನೂ ಇರುವುದಿಲ್ಲ. ಮುಂದೆ ಯಾವುದೇ ತಕರಾರು ಮಾಡುವುದಿಲ್ಲ.’

ಇನ್ನೊಮ್ಮೆ ಓದಿದಳು. ಹೆರಿಗೆ ಎಂಬ ಪದವೇ ಅದರಲ್ಲಿ ಇರಲಿಲ್ಲ. ರಜೆ ಎಂಬುದೂ ಇರಲಿಲ್ಲ. ಅವಳ ಒಂಬತ್ತು ವರ್ಷ ಶನಿವಾರ ಸಂಜೆಗೆ ಮುಗಿಯುತ್ತಿತ್ತು, ಅದೂ ಅವಳದೇ ಇಚ್ಛೆಯಿಂದ! ಗಂಡ ಅಂಗಡಿಗಳ ಬೋರ್ಡು ಬರೆಯುವವನು. ಕೆಲಸ ಸಿಕ್ಕ ತಿಂಗಳು ರಾಜ, ಸಿಗದ ತಿಂಗಳು ಕುಂಚ ತೊಳೆದು ಒಣಗಿಸುವುದೇ ಕೆಲಸ. ಮನೆ ಬಾಡಿಗೆ ನಿಂತಿದ್ದುದು ಚುರುಕಿಯ ಸಂಬಳದ ಮೇಲೆ. ಮಗು ಬರುವ ಹೊತ್ತಿಗೆ ಆ ಸಂಬಳವೇ ನಿಂತರೆ ಗತಿ ಏನು? ಊಟದ ಡಬ್ಬಿಯನ್ನು ತೆರೆಯದೆ ಚೀಟಿಯ ಜೊತೆ ಚೀಲಕ್ಕೆ ಹಾಕಿಕೊಂಡಳು.

ಸಂಜೆ ಮನೆಯಲ್ಲಿ ಚೀಟಿಯನ್ನು ಗಂಡನ ಕೈಗೆ ಕೊಟ್ಟಳು. ಅವನು ಜೋರಾಗಿ ಓದಿದ. ಅಕ್ಷರ ಬರೆದು ಬದುಕುವವನು, ತಡವರಿಸುವ ಪೈಕಿ ಅಲ್ಲ. ಆದರೂ ಕೊನೆಯ ಸಾಲಿಗೆ ಬರುವಾಗ ದನಿ ಸಣ್ಣದಾಯಿತು.

“ನೀನೇ ಹೋಗಿ ಸಹಿ ಹಾಕಿ ಬಂದ್ಯಲ್ಲೇ,” ಎಂದ.

“ಹಾಕಿದೀನಿ. ತಪ್ಪಾಯ್ತು. ಈಗ ಅದನ್ನ ಹೇಗೆ ಸರಿ ಮಾಡೋದು ಅಂತ ಹೇಳು.”

“ಸರಿ ಮಾಡೋಕೆ ಏನಿದೆ ಅದರಲ್ಲಿ?” ಅತ್ತೆ ನಡುವೆ ಬಾಯಿ ಹಾಕಿದರು. “ಕಾಗದದಲ್ಲಿ ಏನಾದ್ರೂ ಇರ್ಲಿ, ಆ ಯಜಮಾನರ ಮನೆಯವರ ಮನಸ್ಸು ದೊಡ್ಡದು. ನಾನು ಇವನನ್ನ ಹೆತ್ತು ಮನೇಲಿದ್ದಾಗ ಹೇಳಿ ಕಳಿಸಿ ವಾಪಸ್ ಕರೆಸ್ಕೊಂಡ್ರು. ನಿನ್ನನ್ನೂ ಕರೀತಾರೆ. ಈಗ ಹೋಗಿ ಕಾನೂನು ಗೀನೂನು ಅಂದ್ರೆ ಯಜಮಾನರ ಕಣ್ಣು ಕೆಂಪಾಗುತ್ತೆ. ಆಮೇಲೆ ಕರೆಯೋದೂ ಇಲ್ಲ, ಏನೂ ಇಲ್ಲ.”

ಅಷ್ಟರಲ್ಲಿ ಬಾಗಿಲಲ್ಲಿ ಜೆರಾಕ್ಸ್ ಸಿಸ್ಟರ್ ಚೀಲ ಇಳಿಸಿದರು. ಅತ್ತೆಯ ಮಾತು ಬೀದಿಗೇ ಕೇಳಿಸಿತ್ತು. ಸಿಸ್ಟರ್ ಚೀಟಿ ಓದಿ ತಲೆಯಾಡಿಸಿದರು, ಆದರೆ ಭಾಷಣ ಬಿಗಿಯಲಿಲ್ಲ. ಅತ್ತೆಯ ಪಕ್ಕದಲ್ಲೇ ಚಾಪೆಯ ಮೇಲೆ ಕೂತರು.

“ನಿಮ್ಮನ್ನ ವಾಪಸ್ ಕರೆದದ್ದು ಯಾವಾಗ ಅಕ್ಕಾ?”

“ಇವನಿಗೆ ಎರಡು ತುಂಬಿತ್ತು.”

“ಅದಕ್ಕೂ ಮೊದಲು ಎಷ್ಟು ವರ್ಷ ಕೆಲಸ ಮಾಡಿದ್ರಿ?”

“ಹನ್ನೆರಡು. ಆಗ ಕಿಟಕಿ ಮೇಜು ನಂದೇ.”

“ವಾಪಸ್ ಹೋದಾಗ ಎಲ್ಲಿ ಕೂರಿಸಿದ್ರು?”

“ಬಾಗಿಲ ಹತ್ರ,” ಎಂದರು ಅತ್ತೆ, ತಗ್ಗಿದ ದನಿಯಲ್ಲಿ. “ಹೊಸಬರ ಜೊತೆ.”

“ಸಂಬಳ?”

“ಹೊಸಬರದ್ದೇ.” ಅತ್ತೆ ಸಿಸ್ಟರ್ ಕಡೆ ತಿರುಗಿದರು. “ನಾನು ಕೈ ಹಿಡಿದು ಹೊಲಿಗೆ ಕಲಿಸಿದ ಹುಡುಗಿ ಬಂದು ನನಗೆ ‘ಹೀಗಲ್ಲಮ್ಮ, ದಾರ ಹೀಗೆ ಎಳೀಬೇಕು’ ಅಂದಳು ಸಿಸ್ಟರ್. ನಾನು ‘ಸರಿ’ ಅಂದೆ. ಕೆಲಸ ಕೊಟ್ರಲ್ಲ ಸದ್ಯ, ಅಂದ್ಕೊಂಡೆ. ಇಷ್ಟು ವರ್ಷ ಅದನ್ನ ಉಪಕಾರ ಅಂತಾನೇ ತಿಳ್ಕೊಂಡಿದ್ದೆ.”

ಚುರುಕಿಗೆ ಅತ್ತೆಯ ಮೇಲೆ ಒಂದು ಕ್ಷಣದ ಹಿಂದೆ ಇದ್ದ ಸಿಟ್ಟೆಲ್ಲ ಕರಗಿಹೋಯಿತು. ಅವಳು ಎದ್ದು, ಭಾರದ ಹೊಟ್ಟೆ ಹಿಡಿದುಕೊಂಡೇ, ಅವರ ಪಕ್ಕ ಕೂತು ಕೈ ಹಿಡಿದುಕೊಂಡಳು. ಹನ್ನೆರಡು ವರ್ಷ ಎಂದರೆ ಏನೆಂದು ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಅತ್ತೆ ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದರು. “ಏನೋ ನೋಡ್ತಾ ಕೂತಿದೀಯ? ಪೆನ್ನು ತಗೊಂಡು ಬಾ. ಸಿಸ್ಟರ್ ಏನು ಹೇಳ್ತಾರೋ ಬರಿ.”

“ಈಗಲೇ ಬರೆಯೋದು ಬೇಡ,” ಎಂದರು ಸಿಸ್ಟರ್. “ನಾನು ನರ್ಸು. ಹೆರಿಗೆ ವಿಷಯ ನನ್ನ ಕೇಳಿ, ಕಾನೂನಿನ ವಿಷಯ ಕಾರ್ಮಿಕ ಕಚೇರಿಯವರನ್ನ ಕೇಳಿ. ನಂಬರ್ ಕೊಡ್ತೀನಿ. ನಾಳೆ ನೀನೇ ಫೋನ್ ಮಾಡು. ಯಾರ ಜೊತೆ ಮಾತಾಡಿದೆ, ಎಷ್ಟು ಗಂಟೆಗೆ, ಅವರು ಏನಂದ್ರು, ಎಲ್ಲ ಒಂದು ಹಾಳೇಲಿ ಬರ್ಕೋ. ಅದಕ್ಕೂ…”

“ಒಂದು ಜೆರಾಕ್ಸ್,” ಎಂದರು ಮೂವರೂ ಒಟ್ಟಿಗೆ.

ಗುರುವಾರ ಊಟದ ಬಿಡುವಿನಲ್ಲಿ ಚುರುಕಿ ಫೋನ್ ಮಾಡಿದಳು. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೇ ಸಲ ಎತ್ತಿದವರು ಬೇರೆ ಟೇಬಲ್ಲಿಗೆ ಕೊಡುತ್ತೇನೆಂದು ಹೇಳಿ ಅರ್ಧ ಬಿಡುವು ತಿಂದರು. ಮೂರನೇ ಸಲ ಒಬ್ಬ ಮೇಡಂ ಸಿಕ್ಕರು. ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡರು.

“ಶನಿವಾರ ಇನ್ನೂ ಬಂದಿಲ್ವಲ್ಲ?” ಎಂದು ಕೇಳಿದರು.

“ಇಲ್ಲ ಮೇಡಂ. ನಾಡಿದ್ದು.”

“ಹಾಗಾದ್ರೆ ಇವತ್ತೇ ಎರಡು ಕಾಗದ ಬರೀರಿ. ಒಂದರಲ್ಲಿ, ರಜೆ ಅರ್ಜಿ ಅಂತ ತಿಳಿದು ಸಹಿ ಹಾಕಿದೆ, ಆ ರಾಜೀನಾಮೆ ವಾಪಸ್ ತಗೊಂಡಿದೀನಿ ಅಂತ ಬರೀರಿ. ಇನ್ನೊಂದು ಹೆರಿಗೆ ರಜೆಗೆ ಅರ್ಜಿ. ಯಾವ ದಿನದಿಂದ ರಜೆ ಬೇಕು ಅನ್ನೋದು ಅದರಲ್ಲಿ ಸ್ಪಷ್ಟವಾಗಿರಲಿ. ಡಾಕ್ಟರ್ ಸರ್ಟಿಫಿಕೇಟ್ ಲಗತ್ತಿಸಿ. ನಿಮ್ಮ ಪ್ರೆಸ್ಸಿಗೆ ಹೆರಿಗೆ ರಜೆಯ ಕಾನೂನು ಅನ್ವಯಿಸುತ್ತೆ, ರಜೆಗೆ ಸಂಬಳ ಕೊಡಲೇಬೇಕು. ಕಾಗದ ಕೊಟ್ಟಾಗ ನಿಮ್ಮ ಕಾಪಿ ಮೇಲೆ ಸೀಲು, ತಾರೀಕು, ಸಹಿ ಹಾಕಿಸ್ಕೊಳ್ಳಿ. ಕೊಡಲ್ಲ ಅಂದ್ರೆ ಸೋಮವಾರ ನನ್ನ ಹತ್ರ ಬನ್ನಿ.”

ಅಂದು ಸಂಜೆ ಗಂಡ ಎರಡು ಅರ್ಜಿಯನ್ನೂ ಬರೆದ. ಬೋರ್ಡು ಬರೆಯುವ ಕೈಯಲ್ಲವೇ, ಅಕ್ಷರ ಎಷ್ಟು ದಪ್ಪಗೆ, ದುಂಡಗೆ ಬಂದಿತ್ತೆಂದರೆ ಎದುರು ಮನೆಯಿಂದಲೂ ಓದಬಹುದಿತ್ತು. “ಯಜಮಾನರಿಗೆ ಕನ್ನಡಕ ಬೇಕಾಗಲ್ಲ ಬಿಡು,” ಎಂದು ಚುರುಕಿ ನಕ್ಕಳು. ಎರಡು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಕಾಗದಗಳನ್ನು ಜೋಡಿಸುವಾಗ ಇನ್ನೊಂದು ತೊಡಕು ಕಣ್ಣಿಗೆ ಬಿತ್ತು. ಪ್ರೆಸ್ಸಿನ ಸಂಬಳದ ಚೀಟಿಯಲ್ಲಿ ಅವಳ ಹೆಸರಿನ ಜೊತೆ ಅಪ್ಪನ ಹೆಸರಿತ್ತು, ಮದುವೆಗೆ ಮೊದಲು ಸೇರಿದ ಕೆಲಸವಲ್ಲವೇ. ಕೆಲಸ ಬಿಟ್ಟು ಬರುವಾಗ ಆಸ್ಪತ್ರೆಯಿಂದ ಬರೆಸಿಕೊಂಡು ಬಂದ ಸರ್ಟಿಫಿಕೇಟಿನಲ್ಲಿ ಗಂಡನ ಹೆಸರಿತ್ತು. ಕಾಗದದ ಲೆಕ್ಕದಲ್ಲಿ ಹೊಲಿಯುವವಳು ಒಬ್ಬಳು, ಹೆರುವವಳು ಇನ್ನೊಬ್ಬಳು. ಗಂಡ ಅರ್ಜಿಯ ಕೊನೆಗೆ ‘ಈ ಎರಡೂ ಹೆಸರು ನನ್ನವೇ’ ಎಂದು ಒಂದು ಸಾಲು ಸೇರಿಸಿ, ಮದುವೆ ನೋಂದಣಿ ಪತ್ರದ ಮತ್ತು ಗುರುತಿನ ಚೀಟಿಯ ಪ್ರತಿ ಲಗತ್ತಿಸಿದ. ಆ ದಿನ ಜೆರಾಕ್ಸ್ ಅಂಗಡಿಯವನಿಗೆ ಒಳ್ಳೆ ವ್ಯಾಪಾರ.

ಶುಕ್ರವಾರ ಬೆಳಿಗ್ಗೆ ಹೊರಡುವಾಗ ನೋಡಿದರೆ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

“ನೀವ್ಯಾಕೆ ಅತ್ತೆ? ಬಿಸಿಲು ಬೇರೆ.”

“ಬಿಸಿಲೇನು ನನ್ನ ತಿಂದುಹಾಕುತ್ತಾ? ನಡಿ.”

ಹಾಲಿನ ಪಕ್ಕದ ತಮ್ಮ ಕೋಣೆಯಲ್ಲಿ ಕೂತು ಗುಮಾಸ್ತರು ಎರಡೂ ಅರ್ಜಿ ಓದಿದರು. ಮೊದಲು ನಕ್ಕರು, ಆಮೇಲೆ ಹಣೆ ಒರೆಸಿಕೊಂಡರು. “ಏನಮ್ಮ ಇದು? ಹಾಕಿದ ಸಹಿ ಹಾಕಿದ ಹಾಗೇ. ವಾಪಸ್ ತಗೊಳ್ಳೋಕೆ ಅದೇನು ಕೈಸಾಲಾನಾ?”

“ನಾನು ಕೆಲಸ ಬಿಡ್ತಿಲ್ಲ ಸಾರ್, ರಜೆ ಕೇಳ್ತಿದ್ದೀನಿ. ಆ ಚೀಟೀಲಿ ರಜೆ ಅನ್ನೋ ಮಾತೇ ಇಲ್ಲ. ನೀವೇ ಓದಿ ನೋಡಿ.”

ಗುಮಾಸ್ತರು ಡ್ರಾಯರ್ ಎಳೆದು ಒಂದು ಚೀಟಿ ತೆಗೆದು ಓದಿದರು. ಓದುತ್ತಾ ಓದುತ್ತಾ ಅವರ ಮುಖ ಬಿಳುಚಿಕೊಂಡಿತು. ಆದರೂ ಕುರ್ಚಿಯಲ್ಲಿ ಕೂತವರ ಗತ್ತು ಅಷ್ಟು ಬೇಗ ಇಳಿಯುತ್ತದೆಯೇ? “ಸರಿ, ಇಟ್ಟು ಹೋಗು. ಯಜಮಾನರಿಗೆ ತೋರಿಸ್ತೀನಿ,” ಎಂದರು.

“ಈ ಕಾಪಿ ಮೇಲೆ ಸೀಲು ಹಾಕಿ ಕೊಡಿ. ಹೋಗ್ತೀನಿ.”

“ಸೀಲು ಯಾಕೆ? ನನ್ನ ಮೇಲೆ ನಂಬಿಕೆ ಇಲ್ವಾ?”

ಜೊತೆಗೆ ನಿಂತಿದ್ದ ಅತ್ತೆ ಮೇಜಿಗೆ ಎರಡೂ ಕೈ ಊರಿ ಬಗ್ಗಿದರು. “ನಂಬಿಕೆ ಇಲ್ಲದೆ ಏನಪ್ಪಾ? ನೀನು ಇಲ್ಲಿಗೆ ಬಂದ ಮೊದಲ ವಾರ ರಿಜಿಸ್ಟರ್ ತಲೆಕೆಳಗಾಗಿ ಹಿಡಿದಿದ್ದೆ, ಯಾರಿಗೂ ಹೇಳದೆ ತಿರುಗಿಸಿ ಕೊಟ್ಟವಳು ನಾನು. ಮೂವತ್ತು ವರ್ಷದ ಹಿಂದೆ ನಾನೂ ನಂಬಿ ಸಹಿ ಹಾಕಿದೆ. ಹನ್ನೆರಡು ವರ್ಷದ ಸರ್ವಿಸು ಹೋಯ್ತು. ಈಗ ನೀನು ನಮ್ಮನ್ನ ನಂಬಿ ಸೀಲು ಹಾಕು.”

ಹಾಲಿನಲ್ಲಿ ಹೊಲಿಯುವ ಕೈಗಳು ಒಂದೊಂದಾಗಿ ನಿಂತವು. ಬಾಗಿಲಲ್ಲಿ ಹೆಂಗಸರ ಗುಂಪು ಸೇರಿತು. ಗುಮಾಸ್ತರು ಒಮ್ಮೆ ಅವರತ್ತ ನೋಡಿದರು, ಒಮ್ಮೆ ಅತ್ತೆಯತ್ತ ನೋಡಿದರು. ಸೀಲು ಎತ್ತಿ ಧಡ್ ಧಡ್ ಎಂದು ಎರಡು ಅರ್ಜಿಯ ಕಾಪಿಗೂ ಒತ್ತಿ, ತಾರೀಕು ಹಾಕಿ, ಸಹಿ ಮಾಡಿದರು.

ಸದ್ದು ಕೇಳಿ ಯಜಮಾನರು ಒಳಗಿನ ಕೋಣೆಯಿಂದ ಬಂದರು. ತಂದೆಯ ಕಾಲದ ಪ್ರೆಸ್ಸನ್ನು ನಡೆಸುತ್ತಿದ್ದ ಮನುಷ್ಯ, ಕೆಟ್ಟವರಲ್ಲ, ಆದರೆ ಕೈ ಸ್ವಲ್ಪ ಬಿಗಿ. ಅರ್ಜಿ ಓದಿದರು. “ನೋಡಮ್ಮ,” ಎಂದರು, “ಇಲ್ಲಿ ಇಪ್ಪತ್ತೆಂಟು ಜನ ಹೆಂಗಸರಿದ್ದೀರಿ. ಎಲ್ಲರನ್ನೂ ಮನೇಲಿ ಕೂರಿಸಿ ಸಂಬಳ ಕೊಟ್ಟರೆ ನಾನು ಪ್ರೆಸ್ಸಿಗೆ ಬೀಗ ಹಾಕಬೇಕಾಗುತ್ತೆ.”

“ಎಲ್ಲರೂ ಒಂದೇ ದಿನ ಹೆರಲ್ಲ ಸಾರ್,” ಎಂದಳು ಚುರುಕಿ.

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಅವರ ಹಿಂದೆ ಇಡೀ ಗುಂಪು ನಕ್ಕಿತು. ಯಜಮಾನರಿಗೂ ನಗು ತಡೆಯಲು ಮೀಸೆ ತೀಡಬೇಕಾಯಿತು. ನಗು ಇಳಿಯುವವರೆಗೆ ಕಾದು ಚುರುಕಿ ತನ್ನ ಹಾಳೆ ಬಿಚ್ಚಿದಳು.

“ನಿನ್ನೆ ಕಾರ್ಮಿಕ ಕಚೇರಿಗೆ ಫೋನ್ ಮಾಡಿದ್ದೆ ಸಾರ್. ಮಾತಾಡಿದವರ ಹೆಸರು, ಗಂಟೆ ಎಲ್ಲ ಇದರಲ್ಲಿದೆ. ನಮ್ಮ ಪ್ರೆಸ್ಸಿಗೂ ಕಾನೂನು ಅನ್ವಯ ಆಗುತ್ತೆ ಅಂದ್ರು. ನಾನು ಇಲ್ಲಿ ಒಂಬತ್ತು ವರ್ಷ ಹೊಲಿದಿದ್ದೀನಿ. ನನ್ನ ಕೈಯಿಂದ ಹೋದ ಒಂದು ಪುಸ್ತಕವಾದ್ರೂ ಹೊಲಿಗೆ ಬಿಚ್ಚಿ ವಾಪಸ್ ಬಂದಿದೆಯಾ, ನೀವೇ ಹೇಳಿ. ನಾನು ಉಪಕಾರ ಕೇಳ್ತಿಲ್ಲ. ರಜೆ ಮುಗಿದ ಮೇಲೆ ಅದೇ ಕಿಟಕಿ ಮೇಜಿಗೆ ಬಂದು ಕೂರ್ತೀನಿ. ನಾಳೆ ಸಂಜೆಯೊಳಗೆ ಬರಹದಲ್ಲಿ ಉತ್ತರ ಬೇಕು. ಇಲ್ಲದಿದ್ರೆ ಸೋಮವಾರ ಈ ಸೀಲಿನ ಕಾಪಿ ತಗೊಂಡು ಕಚೇರಿಗೆ ಹೋಗ್ತೀನಿ.”

ಯಜಮಾನರು ಆ ಅಚ್ಚಿನ ಚೀಟಿಯನ್ನು ಕೇಳಿ ತರಿಸಿಕೊಂಡು ನಿಂತಲ್ಲೇ ಓದಿದರು. “ಇದು ಅಪ್ಪನ ಕಾಲದ್ದು,” ಎಂದು ಗೊಣಗಿದರು. “ವಕೀಲರನ್ನ ಕೇಳ್ತೀನಿ ಇರಿ,” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಯಾರೂ ಕದಲಲಿಲ್ಲ. ವಕೀಲರು ಏನು ಹೇಳಿದರೋ ಯಾರಿಗೂ ಕೇಳಲಿಲ್ಲ. ಬಾಗಿಲಾಚೆಯಿಂದ ಯಜಮಾನರ “ಹೂಂ” ಮಾತ್ರ ಕೇಳುತ್ತಿತ್ತು, ಒಂದೊಂದು ಹೂಂ ಹಿಂದಿನದಕ್ಕಿಂತ ಸಣ್ಣದಾಗುತ್ತಿತ್ತು. ಹೊರಗೆ ಬಂದಾಗ ಅವರು ಬೇರೆಯೇ ಮನುಷ್ಯ.

“ಗುಮಾಸ್ತರೇ, ಇವಳು ಸಹಿ ಮಾಡಿದ ಚೀಟಿ ತೆಗೆದು ಕೊಡಿ. ರಜೆ ಮಂಜೂರು ಅಂತ ನಾಳೆ ಟೈಪ್ ಮಾಡಿಸಿ. ಸಂಬಳದ ಸಮೇತ. ಆ ಡ್ರಾಯರ್‌ನಲ್ಲಿ ಇರೋ ಕಟ್ಟು ಇವತ್ತೇ ರದ್ದಿಗೆ ಹೋಗಲಿ.”

ಹಾಲಿನಲ್ಲಿ ಎದ್ದ ಕೇಕೆಗೆ ಕಿಟಕಿಯ ಗಾಜು ಅದುರಿತು. “ಹರಿದುಹಾಕೇ, ಹರಿದುಹಾಕು ಅದನ್ನ!” ಎಂದು ಎಲ್ಲರೂ ಕೂಗಿದರು. ಚುರುಕಿಯ ಕೈಯೂ ತುರಿಸಿತು. ಆದರೆ ಅವಳು ಹರಿಯಲಿಲ್ಲ. ಚೀಟಿಯ ಮೇಲೆ ಅಡ್ಡಲಾಗಿ ‘ರದ್ದಾಗಿದೆ’ ಎಂದು ಬರೆದು ಯಜಮಾನರಿಂದ ಸಹಿ ಮಾಡಿಸಿಕೊಂಡು ಚೀಲದೊಳಗೆ ಇಟ್ಟಳು. ಅತ್ತೆ ಅಲ್ಲೇ ಒಂದು ಸ್ಟೂಲಿನ ಮೇಲೆ ಕುಸಿದು ಕೂತು ಅಳುತ್ತಿದ್ದರು, ನಗುತ್ತಲೂ ಇದ್ದರು. ಎರಡರಲ್ಲಿ ಯಾವುದು ಹೆಚ್ಚು ಎಂದು ಅವರಿಗೂ ತಿಳಿಯಲಿಲ್ಲ.

ಗುಂಪಿನಿಂದ ಇಬ್ಬರು ಮುಂದೆ ಬಂದರು. ಒಬ್ಬಳಿಗೆ ನಾಲ್ಕು ತಿಂಗಳು, ಅದು ಹಾಲಿಗೆಲ್ಲ ಗೊತ್ತು. ಇನ್ನೊಬ್ಬಳಿಗೆ ಎರಡೇ ತಿಂಗಳು. ಆ ವಿಷಯ ಗಂಡನಿಗೂ ಹೇಳಿರಲಿಲ್ಲ, ಈಗ ಹೇಳಿಬಿಟ್ಟಳು. “ಅಕ್ಕಾ, ಆ ಅರ್ಜಿ ಒಂಚೂರು ಕೊಡ್ತೀಯಾ? ನೋಡಿ ಬರ್ಕೊತೀವಿ.”

ಶನಿವಾರ ಮಂಜೂರಾತಿ ಪತ್ರ ಕೈಗೆ ಬಂತು. ಮೂರು ವಾರದ ಮೇಲೆ ಹೆಣ್ಣುಮಗು ಹುಟ್ಟಿತು. ಕಂಠ ಮಾತ್ರ ಅಜ್ಜಿಯದು ಎಂದು ಆಸ್ಪತ್ರೆಯೇ ಒಪ್ಪಿತು. ಎಲ್ಲವೂ ಹೂವೆತ್ತಿದಷ್ಟು ಸಲೀಸಾಯಿತು ಎಂದರೆ ಸುಳ್ಳು. ಮೊದಲ ತಿಂಗಳ ರಜೆ ಸಂಬಳ ಬ್ಯಾಂಕಿಗೆ ಬರಲಿಲ್ಲ. ಚುರುಕಿ ಮಲಗಿದಲ್ಲಿಂದಲೇ ಗಂಡನನ್ನು ಓಡಿಸಿದಳು. ಹೋಗಿ ನೋಡಿದರೆ ಅದೇ ಹೆಸರಿನ ತೊಡಕು, ಲೆಕ್ಕದವರು ಲಗತ್ತಿಸಿದ ಪ್ರತಿಗಳನ್ನು ತಿರುವಿಯೇ ನೋಡಿರಲಿಲ್ಲ. ಸೀಲಿನ ಕಾಪಿ ತೋರಿಸಿದ ಮೇಲೆ ವಾರದೊಳಗೆ ಸಂಬಳ ಬಂತು. ಬಾಡಿಗೆ ಹೊತ್ತಿಗೆ ಸರಿಯಾಗಿ ಸಂದಿತು. ಮಗುವಿನ ಲಸಿಕೆಗೆ ಹೋದಾಗ ಚುರುಕಿ ಸಿಸ್ಟರನ್ನು ಅಪ್ಪಿಕೊಂಡುಬಿಟ್ಟಳು. “ಬಿಡೇ, ಸೂಜಿ ಕೈಯಲ್ಲಿದೆ,” ಎಂದು ಸಿಸ್ಟರ್ ಗದರಿದರು, ಆದರೆ ಅವರ ಕಣ್ಣೂ ಒದ್ದೆಯಾಗಿತ್ತು.

ರಜೆ ಮುಗಿದ ದಿನ ಚುರುಕಿ ತನ್ನ ಮೇಜಿಗೆ ಹೋಗಿ ಕೂತಳು. ಅದೇ ಸಂಬಳ, ಅದರ ಮೇಲೆ ಆ ವರ್ಷದ ಏರಿಕೆ. ಹತ್ತನೇ ವರ್ಷ ಶುರುವಾಗಿತ್ತು. ಮಧ್ಯಾಹ್ನ ಅತ್ತೆ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಹಾಲೂಡಿಸಲು ಕರೆತಂದರು. ಬರುವ ದಾರಿಯಲ್ಲಿ ಹೊಲಿಗೆ ಅಂಗಡಿಯ ಬಸುರಿ ಹುಡುಗಿಯನ್ನು ಹಿಡಿದು ನಿಲ್ಲಿಸಿ ವಿಚಾರಣೆ ಮಾಡಿದ್ದರಿಂದ ಹತ್ತು ನಿಮಿಷ ತಡವಾಗಿತ್ತು.

“ಆ ಹುಡುಗಿಗೆ ಏನಂದ್ರಿ ಅತ್ತೆ?” ಎಂದು ಚುರುಕಿ ಕೇಳಿದಳು.

“ಇನ್ನೇನು ಹೇಳ್ಲಿ? ನನಗೆ ಆಗ ಯಾರೂ ಹೇಳದೇ ಇದ್ದದ್ದನ್ನ ಹೇಳಿದೆ,” ಎಂದರು ಅತ್ತೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ನೀವು ಹೊಲಿಯುವವರಿರಬಹುದು, ಅಂಗಡಿಯಲ್ಲಿ ನಿಲ್ಲುವವರಿರಬಹುದು, ಕಚೇರಿ ಗುಡಿಸುವವರಿರಬಹುದು. ಹೆರಿಗೆ ರಜೆಯನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೇಳಿ. ಮುಂದಿಟ್ಟ ಕಾಗದವನ್ನು ಕೊನೆಯ ಸಾಲಿನವರೆಗೆ ಓದಿ, ಓದಲು ಬಾರದಿದ್ದರೆ ನಿಮ್ಮವರಿಂದ ಓದಿಸಿ, ಅಲ್ಲಿಯವರೆಗೆ ಪೆನ್ನು ಮುಟ್ಟಬೇಡಿ. ಕೊಟ್ಟ ಅರ್ಜಿಯ ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಕೆಲಸದ ಜಾಗದಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ನಿಮ್ಮ ಹೆಸರು ಒಂದೇ ರೀತಿ ಇದೆಯೇ ಎಂದು ಹೊಟ್ಟೆ ದೊಡ್ಡದಾಗುವ ಮೊದಲೇ ನೋಡಿಕೊಳ್ಳಿ. ಎಷ್ಟು ವಾರ ರಜೆ, ಎಷ್ಟು ಸಂಬಳ, ನಿಮ್ಮ ಕೆಲಸಕ್ಕೆ ಯಾವ ನಿಯಮ ಎಂಬುದನ್ನು ಪಕ್ಕದವರ ಬಾಯಿಂದ ಕೇಳಿ ನಂಬಬೇಡಿ, ನಿಮ್ಮ ಕಾರ್ಮಿಕ ಕಚೇರಿಯವರನ್ನೇ ಕೇಳಿ. ತಿಳಿಯದೆ ಸಹಿ ಹಾಕಿಬಿಟ್ಟಿದ್ದರೂ ಕೈಚೆಲ್ಲಿ ಕೂರಬೇಡಿ, ಇವತ್ತೇ ಹೋಗಿ ವಿಚಾರಿಸಿ.

ಅತ್ತೆಯಂದಿರೇ, ಗಂಡಂದಿರೇ, ಅವಳೊಬ್ಬಳನ್ನೇ ಕಳಿಸಬೇಡಿ, ಜೊತೆಗೆ ಹೋಗಿ. ಬಸುರಿ ಹೆಣ್ಣುಮಗಳನ್ನು ಕಂಡರೆ ಎಷ್ಟು ತಿಂಗಳು ಎಂದು ಕೇಳುವವರು ಬೀದಿ ತುಂಬ ಇದ್ದಾರೆ. ರಜೆಗೆ ಅರ್ಜಿ ಕೊಟ್ಟೆಯಾ ಎಂದು ಕೇಳುವವರು ನೀವಾಗಿ.